ಕೇಳದೆ ತೆಗೆದ ಚಿತ್ರ

ಛಾಯಾಗ್ರಹಣವೆಂಬ ಶಬ್ದವನ್ನು ನಾವು ದಿನನಿತ್ಯ ಬಳಸುತ್ತೇವೆ. ಆದರೆ ಅದರೊಳಗಿರುವ ‘ಗ್ರಹಣ’ವೆಂಬ ಪದದ ಕಡೆಗೆ ನಮ್ಮ ಲಕ್ಷ್ಯ ಹೋಗುವುದು ವಿರಳ. ಗ್ರಹಣವೆಂದರೆ ಅರಿತುಕೊಳ್ಳುವುದೂ ಹೌದು, ತೆಗೆದುಕೊಳ್ಳುವುದೂ ಹೌದು. ಆಡುಮಾತಿಗೆ ಬಂದರೆ ಅರ್ಥ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ನಮ್ಮ ಕಲಬುರಗಿಯ ಓಣಿಗಳಲ್ಲಿ ಹುಡುಗರು ‘ಫೋಟೋ ತಗಿ’ ಎನ್ನುತ್ತಾರೆ, ಇಲ್ಲವೆ ‘ಫೋಟೋ ಹೊಡಿ’ ಎನ್ನುತ್ತಾರೆ. ಒಂದು ಮಾತಿನಲ್ಲಿ ಕೊಳ್ಳುವ ಕ್ರಿಯೆಯಿದೆ, ಇನ್ನೊಂದರಲ್ಲಿ ಹೊಡೆತವಿದೆ. ಅನ್ಯರು ಕೊಡದಿರುವುದನ್ನು ಕೊಳ್ಳಬಾರದು, ಯಾವ ಜೀವಕ್ಕೂ ನೋವನ್ನುಂಟುಮಾಡಬಾರದು ಎಂಬ ಎರಡು ವ್ರತಗಳನ್ನು ಎಳವೆಯಿಂದ ಕೇಳುತ್ತ ಬೆಳೆದವರ ಮುಂದೆ ಈ ಎರಡು ಕ್ರಿಯಾಪದಗಳು ಸಹಜವಾಗಿಯೇ ಒಂದು ಪ್ರಶ್ನೆಯನ್ನಿಡುತ್ತವೆ. ಬೀದಿಯಲ್ಲಿ ಹೋಗುತ್ತಿರುವ ಅಪರಿಚಿತರ ಮುಖವನ್ನು ಅವರನ್ನು ಕೇಳದೆ ಹಿಡಿದಿಟ್ಟುಕೊಂಡರೆ, ಅದು ಕೊಡದುದನ್ನು ಕೊಂಡಂತಾಗುವುದೆ?

ಕಾನೂನು ಏನೆನ್ನುತ್ತದೆ ಎಂಬ ವಿಚಾರ ಬೇರೆ. ಅದನ್ನು ಬಲ್ಲವರು ಹೇಳಲಿ. ನನ್ನ ಪ್ರಶ್ನೆ ಶೀಲಕ್ಕೆ ಸಂಬಂಧಿಸಿದ್ದು. ಅದನ್ನು ಕೇವಲ ತರ್ಕದಿಂದ ಬಿಡಿಸುವುದಕ್ಕಿಂತ, ಬೀದಿಯನ್ನೇ ನೋಡುತ್ತ ಬದುಕಿದ ಇಬ್ಬರು ಸ್ತ್ರೀಯರ ಬಾಳಿನ ಬೆಳಕಿನಲ್ಲಿ ಪರಿಶೀಲಿಸುವುದು ಮೇಲೆಂದು ತೋರಿದೆ.

ಮೊದಲಿಗೆ ನಮ್ಮ ಸೀಮೆಯದೇ ಒಂದು ಸಂಗತಿಯನ್ನು ನೆನೆಯಬೇಕು. ಕಲಬುರಗಿಯು 1948ರ ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರು (1844–1905) ಮೀರತ್ ಸಮೀಪದ ಸರ್ಧಾನಾದ ಜೈನ ಮನೆತನದಲ್ಲಿ ಹುಟ್ಟಿದವರು. ರೂಡ್ಕಿಯಲ್ಲಿ ಇಂಜಿನಿಯರಿಂಗ್ ಓದಿ, ಸರಕಾರಿ ನೌಕರಿಯಲ್ಲಿದ್ದುಕೊಂಡೇ ಕ್ಯಾಮರಾ ಹಿಡಿದವರು. ಅವರು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದು, ಅದರ ಹೊಣೆಯನ್ನು ಆಂಗ್ಲ ಮಹಿಳೆಯೊಬ್ಬರಿಗೆ ವಹಿಸಿದರು. ಪರದೆಯ ಪದ್ಧತಿಯಲ್ಲಿದ್ದ ಹೆಣ್ಣುಮಕ್ಕಳು ಪರಪುರುಷನ ಮುಂದೆ ಕುಳಿತುಕೊಳ್ಳುವ ಸಂಕೋಚವಿಲ್ಲದೆ ಅಲ್ಲಿಗೆ ಬರಬಹುದಾಗಿತ್ತು. ಈ ಏರ್ಪಾಟಿನಲ್ಲಿ ಒಂದು ನೀತಿ ತಾನಾಗಿಯೇ ಅಡಗಿದೆ. ಬಂದವಳು ತನ್ನ ಇಚ್ಛೆಯಿಂದ ಬಂದಿದ್ದಾಳೆ. ಚಿತ್ರ ಯಾರ ಕೈ ಸೇರುವುದೆಂಬುದು ಅವಳಿಗೆ ತಿಳಿದಿದೆ. ಬೀದಿಯಲ್ಲಿ ಇದಾವುದೂ ಇಲ್ಲ. ಬೀದಿಗೆ ಬಂದವರು ನೀರಿಗೆ, ಸಂತೆಗೆ, ಕೂಲಿಗೆ ಬಂದವರೇ ಹೊರತು ಚಿತ್ರಕ್ಕೆ ಬಂದವರಲ್ಲ.

ಹೀಗೆ ಸ್ತ್ರೀಯರು ಕ್ಯಾಮರಾದ ಮುಂದೆ ಕುಳಿತುಕೊಳ್ಳುವುದಕ್ಕೇ ಗೋಡೆಗಳು ಬೇಕಾಗಿದ್ದ ಕಾಲ ಕಳೆದು ಇಪ್ಪತ್ತೇ ವರ್ಷಗಳಾಗಿರುವಾಗ, 1913ರ ಡಿಸೆಂಬರ್ 9ರಂದು ಗುಜರಾತಿನ ನವಸಾರಿಯಲ್ಲಿ ಹೋಮೈ ಹುಟ್ಟಿದರು. ಅವರದು ಪಾರ್ಸಿ ಕುಟುಂಬ. ತಂದೆ ನಾಟಕ ಕಂಪನಿಯ ನಟ. ಹೋಮೈ ಬೆಳೆದದ್ದು ಮುಂಬಯಿಯಲ್ಲಿ. ಅಲ್ಲಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿಯೂ ಸರ್ ಜೆ. ಜೆ. ಕಲಾಶಾಲೆಯಲ್ಲಿಯೂ ಓದಿದರು. ಹದಿಮೂರರ ವಯಸ್ಸಿನಲ್ಲಿ ಪರಿಚಯವಾದ ಮಾಣೆಕ್‌ಶಾ ವ್ಯಾರಾವಾಲಾ ಅವರಿಂದ ಛಾಯಾಗ್ರಹಣವನ್ನು ಕಲಿತು, ಮುಂದೆ ಅವರನ್ನೇ ವಿವಾಹವಾದರು. ಕಲಾಶಾಲೆಯ ಸಹಪಾಠಿನಿಯರ ವನಭೋಜನದ ಚಿತ್ರಗಳು ‘ಬಾಂಬೆ ಕ್ರಾನಿಕಲ್’ ಪತ್ರಿಕೆಯಲ್ಲಿ ಅಚ್ಚಾದಾಗ ಅವರಿಗೆ ಚಿತ್ರಕ್ಕೊಂದು ರೂಪಾಯಿಯಂತೆ ಸಂಭಾವನೆ ಸಿಕ್ಕಿತು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿಯೆಂದು ಮುಂದೆ ಗುರುತಿಸಲ್ಪಟ್ಟವರ ವೃತ್ತಿ ಆರಂಭವಾದದ್ದು ಹೀಗೆ, 1930ರ ದಶಕದ ಕೊನೆಯಲ್ಲಿ.

ಆ ಕಾಲದ ಮುಂಬಯಿಯ ಬೀದಿ, ರೈಲು ನಿಲ್ದಾಣ, ದುಡಿಯುವ ಹೆಂಗಸರು, ಯುದ್ಧಕಾಲದ ನಗರಜೀವನ ಇವೆಲ್ಲ ಅವರ ಚಿತ್ರಗಳಿಗೆ ವಸ್ತುವಾದವು. ಆದರೆ ಅವರ ಹೆಸರು ಯಾರಿಗೂ ತಿಳಿಯದು, ಮೇಲಾಗಿ ಹೆಣ್ಣು. ಆದುದರಿಂದ ಮೊದಮೊದಲು ಅವರ ಚಿತ್ರಗಳು ಗಂಡನ ಹೆಸರಿನಲ್ಲಿ ಪ್ರಕಟವಾದವು. ಆಮೇಲೆ ಅವರು ‘ಡಾಲ್ಡಾ 13’ ಎಂಬ ಗುಪ್ತನಾಮವನ್ನು ಇಟ್ಟುಕೊಂಡರು. ಹುಟ್ಟಿದ್ದು 1913ರಲ್ಲಿ, ಗಂಡನನ್ನು ಕಂಡದ್ದು 13ನೆಯ ವಯಸ್ಸಿನಲ್ಲಿ, ಮೊದಲ ಕಾರಿನ ಸಂಖ್ಯೆ ಡಿ.ಎಲ್.ಡಿ. 13, ಇವೆಲ್ಲ ಕೂಡಿ ಆದ ಹೆಸರದು. ಕನ್ನಡಿಗರಿಗೆ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಹೆಸರು ಪರಿಚಿತ. ಸಾಮಾನ್ಯ ಜನರ ದಿನಚರಿಯನ್ನು ಅಕ್ಕರೆಯಿಂದ ಚಿತ್ರಿಸಿದ ಹಿರಿಯರು ಅವರು. ಅವರೂ ಕಷ್ಟಪಟ್ಟೇ ಮೇಲೆ ಬಂದವರು. ಆದರೆ ತಾವು ತೆಗೆದ ಚಿತ್ರದ ಕೆಳಗೆ ತಮ್ಮ ಹೆಸರೇ ಇರಲೆಂದು ಕಾಯಬೇಕಾದ ಸ್ಥಿತಿ ಹೋಮೈಯವರಂಥ ಸ್ತ್ರೀಯರಿಗೆ ಮಾತ್ರ ಮೀಸಲಾಗಿತ್ತು.

1942ರಲ್ಲಿ ಬ್ರಿಟಿಷ್ ಮಾಹಿತಿ ಸೇವೆಯ ಕೆಲಸಕ್ಕಾಗಿ ಹೋಮೈ ದಂಪತಿಗಳು ದಿಲ್ಲಿಗೆ ಹೋದರು. ಸೀರೆಯುಟ್ಟು, ಭಾರವಾದ ಸಲಕರಣೆಗಳನ್ನು ಹೊತ್ತು, ಸೈಕಲ್ಲಿನ ಮೇಲೆ ಊರೆಲ್ಲ ಓಡಾಡುತ್ತಿದ್ದ ಈ ಹೆಂಗಸನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. ತನ್ನನ್ನು ಯಾರೂ ಲೆಕ್ಕಿಸದೆ ಇದ್ದುದೇ ತನಗೆ ಅನುಕೂಲವಾಯಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಗಂಡಸರನ್ನು ತಡೆಯುತ್ತಿದ್ದ ಕಡೆಗಳಲ್ಲಿ ಅವರು ಸದ್ದಿಲ್ಲದೆ ತಮ್ಮ ಕೆಲಸ ಮುಗಿಸಿ ಬರುತ್ತಿದ್ದರು. 1947ರ ಜೂನ್ ತಿಂಗಳಲ್ಲಿ ದೇಶವಿಭಜನೆಗೆ ನಾಯಕರು ಕೈಯೆತ್ತಿ ಸಮ್ಮತಿಸಿದ ಸಭೆ, ಅದೇ ವರ್ಷದ ಆಗಸ್ಟ್ 16ರಂದು ಕೆಂಪುಕೋಟೆಯ ಮೇಲೆ ಏರಿದ ಧ್ವಜ, ಗಾಂಧೀಜಿಯವರ ಅಂತ್ಯಯಾತ್ರೆ, 1956ರಲ್ಲಿ ಸಿಕ್ಕಿಮಿನ ಮಾರ್ಗವಾಗಿ ಭಾರತಕ್ಕೆ ಬಂದ ಯುವಕ ದಲಾಯಿ ಲಾಮಾ, ಇವೆಲ್ಲ ಇಂದು ನಮ್ಮ ಕಣ್ಣಿಗೆ ಕಟ್ಟುವುದರಲ್ಲಿ ಅವರ ಪಾಲು ದೊಡ್ಡದು. 1948ರ ಜನವರಿ 30ರ ಸಂಜೆ ಅವರು ಬಿರ್ಲಾ ಭವನದ ಪ್ರಾರ್ಥನಾಸಭೆಗೆ ಹೊರಟಿದ್ದರು. ನಾಳೆ ಹೋಗೋಣವೆಂದು ಗಂಡ ಹಿಂದಕ್ಕೆ ಕರೆದುದರಿಂದ ಉಳಿದರು. ಆ ಚಿತ್ರ ತಪ್ಪಿಹೋದದ್ದು ಅವರಿಗೆ ಬಹುಕಾಲದ ಕೊರಗಾಗಿ ಉಳಿಯಿತು.

ಆದರೆ ನನ್ನ ದೃಷ್ಟಿಯಲ್ಲಿ ಅವರ ಹಿರಿಮೆಯನ್ನು ಅಳೆಯಬೇಕಾದದ್ದು ಅವರು ತೆಗೆದ ಚಿತ್ರಗಳಿಂದ ಮಾತ್ರವಲ್ಲ. ತೆಗೆಯದೆ ಬಿಟ್ಟ ಚಿತ್ರಗಳಿಂದಲೂ ಹೌದು. ಎದುರಿನ ವ್ಯಕ್ತಿಯ ಮಾನಕ್ಕೆ ಕುಂದು ತರುವ ಚಿತ್ರವನ್ನು ತೆಗೆಯಬಾರದೆಂಬ ಕಟ್ಟುಪಾಡನ್ನು ಅವರು ತಮಗೆ ತಾವೇ ಹಾಕಿಕೊಂಡಿದ್ದರು. ನೆಹರೂ ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರಿಸಿದವರು, 1964ರಲ್ಲಿ ನೆಹರೂ ತೀರಿಕೊಂಡಾಗ ಇತರ ಛಾಯಾಗ್ರಾಹಕರಿಗೆ ಕಾಣದಂತೆ ಮುಖ ಮರೆಸಿಕೊಂಡು ಅತ್ತರು. ತಮ್ಮ ದುಃಖ ಚಿತ್ರವಾಗಬಾರದೆಂದು ಬಯಸಿದ ಈ ಜೀವಕ್ಕೆ ಪರರ ದುಃಖದ ಮರ್ಯಾದೆಯೂ ತಿಳಿದಿತ್ತು. 1969ರಲ್ಲಿ ಗಂಡ ತೀರಿಕೊಂಡರು. ಮರುವರ್ಷವೇ ಹೋಮೈ ಕ್ಯಾಮರಾವನ್ನು ಕೆಳಗಿಟ್ಟರು. ವೃತ್ತಿಗೆ ಹೊಸದಾಗಿ ಬಂದವರ ನೂಕುನುಗ್ಗಲು, ಗಣ್ಯರನ್ನು ಬೆನ್ನಟ್ಟುವ ಅವಸರ, ಹಿಂದಿನ ಶಿಸ್ತು ಹೋದದ್ದು ಅವರಿಗೆ ಸೇರಲಿಲ್ಲ. ಐವತ್ತಾರು, ಐವತ್ತೇಳರ ವಯಸ್ಸಿನಲ್ಲಿ, ಕೈ ನಡುಗದಿರುವಾಗಲೇ, ಹೆಸರು ಉಚ್ಛ್ರಾಯದಲ್ಲಿರುವಾಗಲೇ ಬಿಟ್ಟುಬಿಡುವುದು ಸಣ್ಣ ಮಾತಲ್ಲ. ಆಮೇಲೆ ಮಗನೊಡನೆ ಪಿಲಾನಿಯಲ್ಲಿ, ನಂತರ ವಡೋದರೆಯಲ್ಲಿ ಇದ್ದರು. 1989ರಲ್ಲಿ ಒಬ್ಬನೇ ಮಗನೂ ತೀರಿದ ಮೇಲೆ ಒಂಟಿಯಾಗಿ, ತೋಟ ಮಾಡಿಕೊಂಡು, ತಮ್ಮ ಕೆಲಸವನ್ನು ತಾವೇ ಮಾಡಿಕೊಂಡು ಬಾಳಿದರು. 2011ರಲ್ಲಿ ಪದ್ಮವಿಭೂಷಣ ಬಂದಿತು. 2012ರ ಜನವರಿ 15ರಂದು ತಮ್ಮ 98ನೆಯ ವಯಸ್ಸಿನಲ್ಲಿ ನಿಧನರಾದರು. ಸಂಗ್ರಹವನ್ನು ಅವರು ದಿಲ್ಲಿಯ ಅಲ್ಕಾಜಿ ಪ್ರತಿಷ್ಠಾನಕ್ಕೆ ಒಪ್ಪಿಸಿದ್ದರು.

ಇನ್ನೊಬ್ಬಳ ಕಥೆ ಇದಕ್ಕೆ ತೀರ ವ್ಯತಿರಿಕ್ತವಾದುದು. ವಿವಿಯನ್ ಮೇಯರ್ 1926ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವಳು, ತಾಯಿ ಫ್ರಾನ್ಸಿನವಳು. ಬಾಲ್ಯದ ಕೆಲವು ವರ್ಷಗಳನ್ನು ಫ್ರಾನ್ಸಿನ ಹಳ್ಳಿಗಳಲ್ಲಿ ಕಳೆದು, 1951ರಲ್ಲಿ ನ್ಯೂಯಾರ್ಕಿಗೆ ಮರಳಿ, 1956ರಲ್ಲಿ ಶಿಕಾಗೋಗೆ ಹೋಗಿ, ಸುಮಾರು ನಾಲ್ಕು ದಶಕಗಳ ಕಾಲ ಅನ್ಯರ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ದುಡಿದಳು. ಮಕ್ಕಳ ಕೈಹಿಡಿದು ತಿರುಗಾಡುತ್ತ, ಬಿಡುವಿದ್ದಾಗ ಒಂಟಿಯಾಗಿ ಅಲೆಯುತ್ತ, ಬೀದಿಯ ಬಡವರನ್ನು, ಮುದುಕರನ್ನು, ಮಕ್ಕಳನ್ನು, ಕನ್ನಡಿಯಲ್ಲಿ ಕಂಡ ತನ್ನ ನೆರಳನ್ನು ಚಿತ್ರಿಸಿದಳು. 1959ರಲ್ಲಿ ಲೋಕಪರ್ಯಟನೆಗೆ ಹೊರಟಾಗ ಭಾರತಕ್ಕೂ ಬಂದುಹೋದಳು. ಒಂದು ಲಕ್ಷಕ್ಕೂ ಮಿಕ್ಕಿದ ಚಿತ್ರಗಳು! ಆದರೆ ಅವುಗಳನ್ನು ಯಾರಿಗೂ ತೋರಿಸಲಿಲ್ಲ. ಎಷ್ಟೋ ಸುರುಳಿಗಳನ್ನು ತೊಳೆಸಲೂ ಇಲ್ಲ. ತನ್ನ ಕೋಣೆಗೆ ಬೀಗ ಹಾಕಿಕೊಂಡು, ಕೇಳಿದವರಿಗೆ ಹೆಸರನ್ನೂ ಸರಿಯಾಗಿ ಹೇಳದೆ ಬದುಕಿದಳು. ಮುಪ್ಪಿನಲ್ಲಿ ದಾಸ್ತಾನು ಕೋಣೆಯ ಬಾಡಿಗೆ ಬಾಕಿಯಾದುದರಿಂದ 2007ರಲ್ಲಿ ಅವಳ ಪೆಟ್ಟಿಗೆಗಳು ಹರಾಜಾದವು. ಅವನ್ನು ಕೊಂಡವರಲ್ಲಿ ಒಬ್ಬರಾದ ಜಾನ್ ಮಲೂಫ್ ಅವಳಾರೆಂದು ಪತ್ತೆಹಚ್ಚುವಷ್ಟರಲ್ಲಿ, 2009ರ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಿದ್ದಳು. ಅವಳು ಸಾಕಿದ ಮಕ್ಕಳಲ್ಲಿ ಕೆಲವರು ದೊಡ್ಡವರಾಗಿ, ಕೊನೆಗಾಲದಲ್ಲಿ ಅವಳಿಗೆ ಇರಲೊಂದು ಮನೆ ಮಾಡಿಕೊಟ್ಟಿದ್ದರೆಂಬುದು ಈ ಕಥೆಯೊಳಗಿನ ಸಮಾಧಾನದ ಸಂಗತಿ. ಇಂದು ಅವಳ ಹೆಸರು ಲೋಕಪ್ರಸಿದ್ಧವಾಗಿದೆ. ಚಿತ್ರಗಳ ಹಕ್ಕಿಗಾಗಿ ನ್ಯಾಯಾಲಯದಲ್ಲಿ ವ್ಯಾಜ್ಯಗಳೂ ನಡೆದವು.

ಇಬ್ಬರ ಕೈಯಲ್ಲಿಯೂ ಇದ್ದುದು ರೋಲಿಫ್ಲೆಕ್ಸ್ ಎಂಬ ಜರ್ಮನ್ ಕ್ಯಾಮರಾ. ಅದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಎದೆಯ ಕೆಳಗೆ ಹಿಡಿದು, ತಲೆಬಾಗಿಸಿ, ಮೇಲಿನ ಗಾಜಿನಲ್ಲಿ ಮೂಡುವ ಬಿಂಬವನ್ನು ನೋಡಬೇಕು. ಎದುರಿನವರಿಗೆ ಗುರಿಯಿಟ್ಟಂತೆ ಕಾಣುವುದಿಲ್ಲ. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಹನ್ನೆರಡು ಮುಗಿದರೆ ನಿಂತು, ಸುರುಳಿಯನ್ನು ಬದಲಿಸಬೇಕು. ಆ ಯಂತ್ರವೇ ಒಂದು ಮಿತಿಯನ್ನು ಕಲಿಸುತ್ತಿತ್ತು. ಆದರೆ ತಲೆಬಾಗಿಸಿ ತೆಗೆದ ಮಾತ್ರಕ್ಕೆ ಚಿತ್ರ ವಿನಯದ್ದಾಗುವುದಿಲ್ಲ. ಮೇಯರಳ ಬೀದಿಯ ಜನರಲ್ಲಿ ಹಲವರಿಗೆ ತಾವು ಚಿತ್ರವಾದುದೇ ತಿಳಿಯದು. ಅವಳು ಅವರನ್ನು ಕೇಳಲಿಲ್ಲ. ಅವಳ ಕಾಲಾನಂತರ ಲೋಕವು ಅವಳನ್ನೂ ಕೇಳಲಿಲ್ಲ. ಇದನ್ನು ಕರ್ಮಫಲವೆಂದು ಸುಲಭವಾಗಿ ಹೇಳಿಬಿಡಬಹುದು. ಹಾಗೆ ಹೇಳಲು ನನಗೆ ಮನಸ್ಸು ಬಾರದು. ಆ ಚಿತ್ರಗಳಲ್ಲಿ ಕರುಣೆಯಿದೆ. ಅವಳು ನೋಡದಿದ್ದರೆ ಆ ಬಡಮುಖಗಳನ್ನು ಯಾರೂ ನೋಡುತ್ತಿರಲಿಲ್ಲ.

ಈ ಇಕ್ಕಟ್ಟು ನನಗೆ ಪರದೇಶದ್ದಲ್ಲ, ನಮ್ಮ ಮನೆಯದೇ. ನಮ್ಮ ಅವ್ವನ ಚಿತ್ರವೆಂದು ಉಳಿದಿರುವುದು ಒಂದೇ ಒಂದು. ಶಹಾಬಜಾರದ ನಮ್ಮ ಹಳೆಯ ಮನೆಯ ಕಟ್ಟೆಯ ಮೇಲೆ ಕುಳಿತು ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಾಗ, ಜಾತ್ರೆಗೆಂದು ಊರಿಗೆ ಬಂದಿದ್ದ ಫೋಟೋದವನೊಬ್ಬನು ಕೇಳದೆ ತೆಗೆದದ್ದು. ಅವ್ವ ಸಿಟ್ಟಿನಿಂದ ಒಂದು ಕೈಯಲ್ಲಿ ಸೆರಗನ್ನು ಮುಖಕ್ಕೆ ಎಳೆದುಕೊಂಡು, ಇನ್ನೊಂದು ಕೈಯನ್ನು ಬೇಡವೆಂದು ಎತ್ತಿದ್ದಾಳೆ. ಎರಡು ದಿನ ಬಿಟ್ಟು ಆ ಮನುಷ್ಯ ಅದರ ಪ್ರತಿಯೊಂದನ್ನು ಅಂಗಡಿಯಲ್ಲಿ ಅಪ್ಪನ ಕೈಗೆ ಕೊಟ್ಟು ಹೋದನಂತೆ, ಹಣವನ್ನೂ ಕೇಳಲಿಲ್ಲವಂತೆ. ಅಪ್ಪ ಅದನ್ನು ಅವ್ವನಿಗೆ ತೋರಿಸದೆ ಹಳೆಯ ಖಾತೆ ಪುಸ್ತಕದೊಳಗೆ ಇಟ್ಟಿದ್ದರು. ಇಬ್ಬರೂ ಹೋದ ಮೇಲೆ ಅದು ನನಗೆ ಸಿಕ್ಕಿತು. ಸೆರಗಿನ ಅಂಚಿನಲ್ಲಿ ಒಂದು ಕಣ್ಣು, ಅರ್ಧ ಹಣೆ, ಬೇಳೆಯ ಹೊಟ್ಟು ಹತ್ತಿದ ಬೆರಳುಗಳು, ಇಷ್ಟೇ ನನಗೆ ಉಳಿದಿರುವ ತಾಯಿ. ಅವಳು ಬೇಡವೆಂದದ್ದನ್ನು ನಾನು ಕಣ್ಣಿಗೊತ್ತಿಕೊಳ್ಳುತ್ತೇನೆ. ಆ ಫೋಟೋದವನು ಮಾಡಿದ್ದು ಸರಿಯೆನ್ನಲು ಆಗುವುದಿಲ್ಲ, ಏಕೆಂದರೆ ಅವ್ವನ ಕೈಯೇ ಅಲ್ಲಿ ಸಾಕ್ಷಿಯಾಗಿ ನಿಂತಿದೆ. ಅವನು ತೆಗೆಯದಿದ್ದರೆ ಒಳ್ಳೆಯದಿತ್ತೆನ್ನಲೂ ನನ್ನಿಂದಾಗದು.

ಈಚೆಗೆ ನನ್ನ ಮೊಮ್ಮಗಳು ಈ ಪ್ರಶ್ನೆಯನ್ನು ಹೊಸದಾಗಿ ಎಬ್ಬಿಸಿದಳು. ಕಾಲೇಜಿನ ಪ್ರದರ್ಶನಕ್ಕಾಗಿ ನಮ್ಮ ಬಡಾವಣೆಯ ದುಡಿಯುವ ಹೆಂಗಸರ ಚಿತ್ರಗಳನ್ನು ತೆಗೆಯಹೊರಟಿದ್ದಳು. ಹೆಣ್ಣುಮಗಳು ಕ್ಯಾಮರಾ ಹಿಡಿದು ಬೀದಿಯಲ್ಲಿ ನಿಲ್ಲುವುದೆಂದರೇನೆಂದು ಅವಳ ತಂದೆಯ ತಕರಾರು. ಆ ತಕರಾರಿಗೆ ಹೋಮೈಯವರ ಬಾಳೇ ಉತ್ತರವೆಂದು ನಾನೆಂದೆ. ಆದರೆ ನನ್ನದೂ ಒಂದು ತಕರಾರಿತ್ತು: ನೀನು ಅವರನ್ನು ಕೇಳಿದೆಯಾ?

“ಮುತ್ಯಾ, ಕೇಳಿದ್ರ ಮಂದಿ ಸೆಟೆದು ನಿಲ್ತಾರ, ಸೀರಿ ಸರಿ ಮಾಡ್ಕೋತಾರ. ಕೇಳದಿದ್ರ ಅವರು ಅವರಂಗೇ ಇರ್ತಾರ. ಖರೇ ಚಿತ್ರ ಯಾವುದು, ನೀವೇ ಹೇಳ್ರಿ” ಎಂದಳು.

ಮಾತಿನಲ್ಲಿ ಸತ್ಯವಿತ್ತು. ಸತ್ಯವೂ ಒಂದು ವ್ರತವೇ ತಾನೆ? ಆದುದರಿಂದ ನಾನು ಬೇರೊಂದು ದಾರಿ ಸೂಚಿಸಿದೆ: ತೆಗೆಯುವ ಮೊದಲು ಕೇಳಲಾಗದಿದ್ದರೆ, ತೆಗೆದ ಮೇಲೆ ಹೋಗಿ ತೋರಿಸು, ಲೋಕಕ್ಕೆ ತೋರಿಸುವ ಮೊದಲು ಅವರಿಗೆ ತೋರಿಸು.

ಅವಳು ತೆಗೆದವುಗಳಲ್ಲಿ ಅತ್ಯುತ್ತಮವಾದದ್ದು ನಮ್ಮ ಹಿಂದಿನ ಓಣಿಯ ಹೆಂಗಸೊಬ್ಬಳದು. ಗಂಡನಿಲ್ಲದ ಆಕೆ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಮಕ್ಕಳನ್ನು ಓದಿಸಿದವಳು. ಒಲೆಯ ಬೆಳಕಿನಲ್ಲಿ, ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದು, ಯಾವುದೋ ಮಾತಿಗೆ ತಲೆ ಹಿಂದಕ್ಕೆ ಮಾಡಿ ನಗುತ್ತಿದ್ದಾಳೆ. ಚಿತ್ರವನ್ನು ನೋಡಿ ಆಕೆ ಬಹಳ ಹೊತ್ತು ಸುಮ್ಮನಿದ್ದು, “ಇದು ಬ್ಯಾಡವ್ವ. ಮಗನ ಲಗ್ನದ ಮಾತು ನಡೆದದ. ನಾ ಕೂಲಿಗಿ ರೊಟ್ಟಿ ಬಡಿಯೋದು ಆ ಮನಿಯವರಿಗಿ ಗೊತ್ತಿಲ್ಲ. ಬೇಕಾದ್ರ ಬರೇ ಕೈ ತಗಿ” ಎಂದಳಂತೆ. ಮಗು ಮನೆಗೆ ಬಂದು ಅತ್ತಳು. ದುಡಿಮೆಯಲ್ಲಿ ನಾಚಿಕೆಯೇನೆಂದು ವಾದಿಸಿದಳು. ನಾಚಿಕೆಯಿಲ್ಲವೆಂಬುದು ನಿಜ, ಆದರೆ ಅದನ್ನು ಲೋಕಕ್ಕೆ ಸಾರುವ ಬೆಲೆಯನ್ನು ತೆರಬೇಕಾದವಳು ಅವಳಲ್ಲ, ಆಕೆ. ಒಬ್ಬರ ಧೈರ್ಯವನ್ನು ಇನ್ನೊಬ್ಬರ ಖರ್ಚಿನಲ್ಲಿ ತೋರಿಸಬಾರದು.

ಪ್ರದರ್ಶನದಲ್ಲಿ ಕೈಗಳ ಚಿತ್ರವಿತ್ತು. ಒಳ್ಳೆಯದಾಗಿತ್ತು, ಮೊದಲಿನದರಷ್ಟು ಒಳ್ಳೆಯದಾಗಿರಲಿಲ್ಲ. ಅದನ್ನು ಮರೆಮಾಚಬಾರದು: ಸಂಯಮದಿಂದ ಕಲೆಗೆ ಕೆಲವೊಮ್ಮೆ ನಷ್ಟವೇ ಆಗುತ್ತದೆ. ಆದರೆ ಆ ನಗುವಿನ ಚಿತ್ರವನ್ನು ಅಳಿಸಲು ಹೊರಟಾಗ ತಡೆದವಳು ಆಕೆಯೇ. “ಅಳಿಸಬ್ಯಾಡ, ನನಗೊಂದು ಮಾಡಿಸಿ ಕೊಡು. ನಾ ಹಿಂಗ ನಗ್ತೀನಂತ ನನಗೇ ಗೊತ್ತಿರಲಿಲ್ಲ” ಎಂದಳಂತೆ. ಅದೀಗ ಆಕೆಯ ಟ್ರಂಕಿನಲ್ಲಿದೆ. ಯಾರಿಗೆ, ಯಾವಾಗ ತೋರಿಸಬೇಕೆಂಬುದು ಆಕೆಗೆ ಬಿಟ್ಟದ್ದು.

ಇದರಿಂದ ನಾನು ಕಂಡುಕೊಂಡದ್ದು ಇಷ್ಟು. ನೋಡುವುದು ಒಂದು, ಹಿಡಿದಿಟ್ಟುಕೊಳ್ಳುವುದು ಇನ್ನೊಂದು, ಲೋಕಕ್ಕೆ ಹಂಚುವುದು ಮತ್ತೊಂದು. ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದಲೇ ನಮ್ಮ ಗೊಂದಲ ಹುಟ್ಟುತ್ತದೆ. ಬೀದಿಯಲ್ಲಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹಿಡಿದಿಟ್ಟುಕೊಳ್ಳುವಾಗ ಎದುರಿನವರ ಮಾನದ ಎಚ್ಚರ ಬೇಕು. ಅವರೇ ಕೈಯೆತ್ತಿ ತಡೆದರೆ ನಿಲ್ಲಬೇಕು. ಹಂಚುವಾಗ ಅವರ ಸಮ್ಮತಿಯೇ ಬೇಕು. ಬಲವುಳ್ಳವರ ಚಿತ್ರಕ್ಕೂ ಬಲಹೀನರ ಚಿತ್ರಕ್ಕೂ ಇಲ್ಲಿ ಭೇದವಿದೆ. ಅಧಿಕಾರದಲ್ಲಿದ್ದವರು ಲೋಕದ ಕಣ್ಣಿಗೆ ಉತ್ತರ ಕೊಡಬೇಕಾದವರು. ರೊಟ್ಟಿ ಬಡಿಯುವವಳು ಹಾಗಲ್ಲ. ಆದರೂ ಹೋಮೈ ಪ್ರಧಾನಮಂತ್ರಿಗಳಿಗೂ ಆ ಮರ್ಯಾದೆಯನ್ನು ತೋರಿದರು.

ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಕ್ಯಾಮರಾವಿದೆ, ಹನ್ನೆರಡರ ಮಿತಿಯೂ ಇಲ್ಲ. ಅಪಘಾತದಲ್ಲಿ ಬಿದ್ದವನಿಗೆ ನೀರು ಕೊಡುವ ಮೊದಲು ಫೋನೆತ್ತುವವರಿದ್ದಾರೆ. ಶವದ ಮುಂದೆ ಅಳುವ ತಾಯಿಯನ್ನು ಚಿತ್ರಿಸಿ ಮರುಕ್ಷಣವೇ ಊರಿಗೆಲ್ಲ ಕಳುಹಿಸುವವರಿದ್ದಾರೆ. ದಾನಮಾಡುವಾಗ ಪಡೆಯುವವನ ಮುಖವನ್ನು ಕ್ಯಾಮರಾದ ಕಡೆಗೆ ತಿರುಗಿಸುವವರು ನಮ್ಮ ಸಮಾಜದಲ್ಲಿಯೂ ಇದ್ದಾರೆ. ಆ ಮುಖದಲ್ಲಿರುವ ಸಂಕೋಚವನ್ನು ಒಮ್ಮೆ ನೋಡಿದರೆ ಸಾಕು, ಕೊಟ್ಟದ್ದಕ್ಕಿಂತ ಕೊಂಡದ್ದೇ ಹೆಚ್ಚೆಂದು ತಿಳಿಯುತ್ತದೆ. ಕಂಬಳಿ ಹಂಚುವಾಗ, ಪುಸ್ತಕ ಹಂಚುವಾಗ, ಆಸ್ಪತ್ರೆಯಲ್ಲಿ ಹಣ್ಣು ಕೊಡುವಾಗ ಚಿತ್ರ ತೆಗೆಸುವ ರೂಢಿಯನ್ನು ನಮ್ಮ ಸಂಘ ಸಂಸ್ಥೆಗಳು ಮೊದಲು ಕೈಬಿಡಲಿ. ತೆಗೆಯಲೇಬೇಕಾದರೆ, ಪಡೆಯುವವರನ್ನು ಮೊದಲು ಕೇಳಲಿ. ಅವರು ಬೇಡವೆಂದರೂ ಕಂಬಳಿಯನ್ನು ಕೊಡಲಿ.